ಪಟ್ಟಿಯಲ್ಲಿ ಕಾಣದ ಕಂಪ್ಯೂಟರ್, ತೆರೆಯದ ಫೋಲ್ಡರ್: ಮನೆ ನೆಟ್‌ವರ್ಕ್‌ನಲ್ಲಿ ಫೈಲ್ ಹಂಚಿಕೆಯ ದೋಷ ಹುಡುಕುವುದು ಹೇಗೆ

ಎರಡು ಕಂಪ್ಯೂಟರ್ ಒಂದೇ ಮನೆಯಲ್ಲಿವೆ. ಎರಡರಲ್ಲೂ ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ. ಒಂದರಲ್ಲಿ ಫೋಲ್ಡರ್ ಶೇರ್ ಮಾಡಿದ್ದೀರಿ, ಇನ್ನೊಂದರಲ್ಲಿ ಅದು ತೆರೆಯುತ್ತಿಲ್ಲ. ಕೆಲವು ಸಲ ಆ ಕಂಪ್ಯೂಟರಿನ ಹೆಸರೇ ಕಾಣುವುದಿಲ್ಲ. ಇಂಥ ಹೊತ್ತಲ್ಲಿ ಹೆಚ್ಚಿನವರು ಸೆಟ್ಟಿಂಗ್ಸ್‌ಗೆ ಹೋಗಿ ಕೈಗೆ ಸಿಕ್ಕ ಸ್ವಿಚ್‌ಗಳನ್ನೆಲ್ಲ ತಿರುಗಿಸುತ್ತಾರೆ. ಫೈರ್‌ವಾಲ್ (ಹೊರಗಿನಿಂದ ಬರುವ ಸಂಪರ್ಕವನ್ನು ತಡೆಯುವ ಕಾವಲು) ಆಫ್, ಪಾಸ್‌ವರ್ಡ್ ರಕ್ಷಣೆ ಆಫ್, ಎವ್ರಿವನ್‌ಗೆ ಪೂರ್ತಿ ಅನುಮತಿ. ಹೇಗೋ ಕೆಲಸ ಆದರೂ ಯಾವುದರಿಂದ ಆಯ್ತು ಅಂತ ಗೊತ್ತಾಗುವುದಿಲ್ಲ. ತೆಗೆದ ರಕ್ಷಣೆ ಮಾತ್ರ ಹಾಗೇ ತೆಗೆದೇ ಉಳಿದುಬಿಡುತ್ತದೆ.

ಇದರ ಬದಲು ನಾಲ್ಕು ಪ್ರಶ್ನೆಗಳನ್ನು ಇದೇ ಕ್ರಮದಲ್ಲಿ ಕೇಳಿ. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾರಿ ಇದೆಯಾ? ಅಲ್ಲಿ ಬಾಗಿಲು ತೆರೆದಿದೆಯಾ? ನೀವು ಯಾರು ಅಂತ ಅದು ಒಪ್ಪುತ್ತಿದೆಯಾ? ಒಪ್ಪಿದ ಮೇಲೆ ಫೋಲ್ಡರ್ ಮುಟ್ಟಲು ಬಿಡುತ್ತಿದೆಯಾ? ಮೊದಲನೆಯದು ಇತ್ಯರ್ಥ ಆಗದೆ ಎರಡನೆಯದಕ್ಕೆ ಹೋಗಬೇಡಿ. ಮೂರನೆಯದರಲ್ಲಿ ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳುತ್ತಾರೆ, ಹಾಗಾಗಿ ಅಲ್ಲಿ ನಾನೂ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಶುರು ಮಾಡುವ ಮುಂಚೆ ಒಂದೆರಡು ಮಾತು. ಫೋಲ್ಡರ್ ಇರುವ ಕಂಪ್ಯೂಟರನ್ನು 'ಕೊಡುವ ಕಂಪ್ಯೂಟರ್' ಅಂತಲೂ, ಅದನ್ನು ತೆರೆಯಲು ಹೊರಟಿರುವುದನ್ನು 'ಕೇಳುವ ಕಂಪ್ಯೂಟರ್' ಅಂತಲೂ ಕರೆಯುತ್ತೇನೆ. ಹೆಚ್ಚಿನ ಮಾತು ವಿಂಡೋಸ್ 10 ಮತ್ತು 11ಕ್ಕೆ ಸಂಬಂಧಿಸಿದ್ದು. ಮ್ಯಾಕ್, ಲಿನಕ್ಸ್ ಆಮೇಲೆ ಬರುತ್ತವೆ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ.

ಕಾಣಿಸುವುದು ಬೇರೆ, ತೆರೆಯುವುದು ಬೇರೆ

ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ನೆಟ್‌ವರ್ಕ್' ಒತ್ತಿದಾಗ ಬರುವ ಕಂಪ್ಯೂಟರ್‌ಗಳ ಪಟ್ಟಿ ಇದೆಯಲ್ಲ, ಅದನ್ನು ನಂಬಿ ದೋಷ ಹುಡುಕಲು ಹೋಗಬೇಡಿ. ಪಟ್ಟಿ ತಯಾರಾಗುವುದು ಒಂದು ವ್ಯವಸ್ಥೆಯಿಂದ. ಫೋಲ್ಡರ್ ತೆರೆಯುವುದು ಇನ್ನೊಂದರಿಂದ. ಪಟ್ಟಿಗೆ ಕಂಪ್ಯೂಟರ್‌ಗಳು 'ನಾನಿಲ್ಲಿದ್ದೇನೆ' ಅಂತ ನೆಟ್‌ವರ್ಕ್‌ನಲ್ಲಿ ಕೂಗಿ ಹೇಳಬೇಕು. ಫೋಲ್ಡರ್ ತೆರೆಯಲು ಆ ಕೂಗು ಬೇಕಾಗಿಯೇ ಇಲ್ಲ. ಅದಕ್ಕೆ ಬೇಕಿರುವುದು ಎಸ್‌ಎಂಬಿ ಎಂಬ ಪ್ರೋಟೋಕಾಲ್ (ಫೈಲ್ ಹಂಚಿಕೊಳ್ಳಲು ಕಂಪ್ಯೂಟರ್‌ಗಳು ಮಾತಾಡುವ ರೀತಿ) ಮತ್ತು 445ನೇ ಪೋರ್ಟ್ (ಆ ಮಾತು ಒಳಬರುವ ಬಾಗಿಲು) ಮಾತ್ರ. ಹಾಗಾಗಿ ಪಟ್ಟಿಯಲ್ಲಿ ಹೆಸರಿಲ್ಲದ ಕಂಪ್ಯೂಟರಿನ ಫೋಲ್ಡರ್ ಸಲೀಸಾಗಿ ತೆರೆಯಬಹುದು. ಪಟ್ಟಿಯಲ್ಲಿ ಎದ್ದು ಕಾಣುವ ಕಂಪ್ಯೂಟರ್ ಒಳಗೆ ಬಿಡದೆಯೂ ಇರಬಹುದು.

ಆದ್ದರಿಂದ ಮೊದಲ ಪರೀಕ್ಷೆ ಹೀಗೆ ಮಾಡಿ. ಕೊಡುವ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು 'ಐಪಿಕಾನ್ಫಿಗ್' ಕೊಡಿ. ಅದರಲ್ಲಿ ಐಪಿವಿ4 ಅಡ್ರೆಸ್ ಎಂಬ ಸಾಲಿದೆ. ಅಲ್ಲಿರುವುದು 192.168.1.20 ಅಂತಿಟ್ಟುಕೊಳ್ಳಿ. ಈಗ ಕೇಳುವ ಕಂಪ್ಯೂಟರಿನಲ್ಲಿ ಎಕ್ಸ್‌ಪ್ಲೋರರ್ ತೆರೆದು, ಮೇಲಿನ ವಿಳಾಸದ ಪಟ್ಟಿಯಲ್ಲಿ \\192.168.1.20 ಅಂತ ಬರೆದು ಎಂಟರ್ ಒತ್ತಿ.

ಫೋಲ್ಡರ್‌ಗಳು ಕಂಡವಾ? ಹಾಗಿದ್ದರೆ ಹಂಚಿಕೆ ಸರಿಯಾಗಿದೆ, ಹೆಸರು ಹುಡುಕುವ ಕೆಲಸದಲ್ಲಷ್ಟೇ ತೊಂದರೆ. ಕೆಳಗೆ ಪಟ್ಟಿಯ ಬಗ್ಗೆ ಬರೆದ ಭಾಗಕ್ಕೆ ನೇರವಾಗಿ ಹೋಗಬಹುದು. ಹೆಸರು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂತಾ? ದಾರಿ, ಬಾಗಿಲು ಎರಡೂ ಸರಿ ಇವೆ, ಮೂರನೇ ಪ್ರಶ್ನೆಗೆ ಹೋಗಿ. ತುಂಬಾ ಹೊತ್ತು ತಿರುಗಿ ಎರರ್ ಬಂದರೆ ಮಾತ್ರ ಮೊದಲಿನಿಂದ ಶುರು.

ಎರರ್ ಕೋಡಿನ ಬಾಲ ಓದಿ

ವಿಂಡೋಸ್ ತೋರಿಸುವ ಕೋಡ್ ನೋಡಿ ಹೆದರಬೇಡಿ. ಅದರ ಕೊನೆಯ ಅಂಕಿಗಳಲ್ಲಿ ವಿಷಯ ಇದೆ. ಕೋಡ್ 80070035 ಅಂತಿದ್ದರೆ ದಾರಿ ಸಿಗಲಿಲ್ಲ ಎಂದರ್ಥ. ಕೊನೆಯ 35 ಹದಿನಾರರ ಲೆಕ್ಕದ ಸಂಖ್ಯೆ, ನಮ್ಮ ಹತ್ತರ ಲೆಕ್ಕದಲ್ಲಿ ಅದು 53. ಇದೇ ದೋಷ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ಸಿಸ್ಟಮ್ ಎರರ್ 53' ಅಂತ ಬರುತ್ತದೆ. ಎರಡೂ ಒಂದೇ.

53 ಬಂದರೆ ದಾರಿ ಅಥವಾ ಬಾಗಿಲಿನ ದೋಷ. 67 ಬಂದರೆ ಕಂಪ್ಯೂಟರ್ ಸಿಕ್ಕಿದೆ, ಆದರೆ ಆ ಹೆಸರಿನ ಶೇರ್ ಅಲ್ಲಿಲ್ಲ. ಕಾಗುಣಿತ ತಪ್ಪಿರಬಹುದು, ಇಲ್ಲವೇ ಯಾರೋ ಫೋಲ್ಡರ್ ಹೆಸರು ಬದಲಾಯಿಸಿ ಶೇರ್ ಕಿತ್ತುಹೋಗಿರಬಹುದು. ಕೊಡುವ ಕಂಪ್ಯೂಟರಿನಲ್ಲಿ 'ನೆಟ್ ಶೇರ್' ಕೊಟ್ಟರೆ ನಿಜಕ್ಕೂ ಏನೇನು ಶೇರ್ ಆಗಿದೆ ಅಂತ ಕಾಣುತ್ತದೆ. 86 ಅಥವಾ 1326 ಬಂದರೆ ಹೆಸರೋ ಪಾಸ್‌ವರ್ಡೋ ತಪ್ಪು. 1219 ಬಂದರೆ ಅದೇ ಕಂಪ್ಯೂಟರಿಗೆ ಬೇರೆ ಹೆಸರಿನಲ್ಲಿ ಈಗಾಗಲೇ ಸಂಪರ್ಕ ಇದೆ. 5 ಬಂದರೆ ಅನುಮತಿ ಇಲ್ಲ.

80004005 ಎಂಬ ಕೋಡ್ ಬಂದರೆ ಅದರಿಂದ ಏನೂ ತಿಳಿಯುವುದಿಲ್ಲ. 'ಏನೋ ತಪ್ಪಾಗಿದೆ' ಅನ್ನುವುದಷ್ಟೇ ಅದರ ಅರ್ಥ. ಆಗ ಕಮಾಂಡ್ ಪ್ರಾಂಪ್ಟ್‌ನಲ್ಲಿ 'ನೆಟ್ ಯೂಸ್' ಅಂತ ಬರೆದು, ಜಾಗ ಬಿಟ್ಟು, \\192.168.1.20\ ಆದಮೇಲೆ ಶೇರ್ ಹೆಸರು ಹಾಕಿ. ಎಕ್ಸ್‌ಪ್ಲೋರರ್ ಮುಚ್ಚಿಟ್ಟ ನಿಜವಾದ ನಂಬರ್ ಅಲ್ಲಿ ಬಹಳ ಸಲ ಹೊರಬರುತ್ತದೆ.

ದಾರಿ ಇದೆಯಾ?

ಎರಡೂ ಕಂಪ್ಯೂಟರಿನಲ್ಲಿ ಇಂಟರ್ನೆಟ್ ಬಂದ ಮಾತ್ರಕ್ಕೆ ಅವು ಒಂದೇ ನೆಟ್‌ವರ್ಕ್‌ನಲ್ಲಿವೆ ಅಂತಲ್ಲ. ಎರಡರಲ್ಲೂ ಐಪಿಕಾನ್ಫಿಗ್ ಕೊಟ್ಟು ಐಪಿ ವಿಳಾಸ ಹೋಲಿಸಿ. ಮನೆಯ ರೂಟರ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಮೂರು ಭಾಗ ಒಂದೇ ಇರಬೇಕು. ಒಂದು 192.168.1.20, ಇನ್ನೊಂದು 192.168.1.34 ಇದ್ದರೆ ಸರಿ. ಒಂದು 192.168.1.20, ಇನ್ನೊಂದು 192.168.0.7 ಇದ್ದರೆ ಬಹುಶಃ ಮನೆಯಲ್ಲಿ ಎರಡು ರೂಟರ್ ಇದ್ದು, ಎರಡೂ ರೂಟರ್ ಆಗಿಯೇ ಕೆಲಸ ಮಾಡುತ್ತಿವೆ. ಮೂಲೆ ಕೋಣೆಗೆ ಸಿಗ್ನಲ್ ಸಿಗಲಿ ಅಂತ ಹಳೆಯ ರೂಟರ್ ಇಟ್ಟ ಮನೆಗಳಲ್ಲಿ ಇದು ತುಂಬಾ ಕಾಣಸಿಗುತ್ತದೆ. ಎರಡನೇ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಹಾಕಿದರೆ ಮನೆಗೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ.

169.254 ಅಂತ ಶುರುವಾಗುವ ವಿಳಾಸ ಕಂಡರೆ ಆ ಕಂಪ್ಯೂಟರಿಗೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ. ಮೊದಲು ವೈ-ಫೈ ಅಥವಾ ಕೇಬಲ್ ಸರಿಮಾಡಿ.

ವಿಳಾಸ ಸರಿ ಇದ್ದರೆ ಪಿಂಗ್ ಮಾಡಿ, ಅಂದರೆ ಆ ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ಕೇಳಿ: 'ಪಿಂಗ್ 192.168.1.20'. ಇಲ್ಲಿ ಬರುವ ಉತ್ತರವನ್ನು ಗಮನವಿಟ್ಟು ಓದಬೇಕು, ಯಾಕಂದರೆ ಸೋಲಿನಲ್ಲೂ ಎರಡು ಬಗೆ ಇದೆ. 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂತ ಬಂದರೆ ಆ ಕಂಪ್ಯೂಟರ್ ಬಹುಶಃ ಅಲ್ಲಿದೆ, ಫೈರ್‌ವಾಲ್ ಮಾತಾಡಲು ಬಿಡುತ್ತಿಲ್ಲ. 'ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್' ಅಂತ ನಿಮ್ಮದೇ ಐಪಿ ವಿಳಾಸದಿಂದ ಉತ್ತರ ಬಂದರೆ, 'ಈ ವಿಳಾಸದವರು ಯಾರು' ಅಂತ ನಿಮ್ಮ ಕಂಪ್ಯೂಟರ್ ಕೂಗಿದ್ದಕ್ಕೆ ಯಾರೂ ಓಗೊಟ್ಟಿಲ್ಲ. ಮೊದಲನೆಯದಾದರೆ ಫೈರ್‌ವಾಲ್ ನೋಡಿ. ಎರಡನೆಯದಾದರೆ ಫೈರ್‌ವಾಲ್ ಮುಟ್ಟಲೇಬೇಡಿ. ಕೊಡುವ ಕಂಪ್ಯೂಟರ್ ನಿದ್ದೆಗೆ ಹೋಗಿದೆ, ಅದರ ವಿಳಾಸ ಬದಲಾಗಿದೆ, ಇಲ್ಲವೇ ರೂಟರ್ ಎರಡನ್ನೂ ಬೇರೆ ಬೇರೆ ಇಟ್ಟಿದೆ.

ರೂಟರ್ ಹೀಗೆ ಬೇರ್ಪಡಿಸುವುದು ಬೇಕಂತಲೇ ಮಾಡಿರುವ ಸೌಲಭ್ಯ. ಗೆಸ್ಟ್ ವೈ-ಫೈ ಕೆಲಸವೇ ಅದು: ಬಂದವರಿಗೆ ಇಂಟರ್ನೆಟ್ ಕೊಡುವುದು, ಮನೆಯ ಕಂಪ್ಯೂಟರ್‌ಗಳನ್ನು ತೋರಿಸದಿರುವುದು. ಲ್ಯಾಪ್‌ಟಾಪ್ ಯಾವತ್ತೋ ಗೆಸ್ಟ್ ವೈ-ಫೈಗೆ ಸೇರಿ ಅದನ್ನೇ ನೆನಪಿಟ್ಟುಕೊಂಡಿರಬಹುದು. ರೂಟರಿನ ವೈ-ಫೈ ಸೆಟ್ಟಿಂಗ್‌ನಲ್ಲಿ 'ಎಪಿ ಐಸೊಲೇಷನ್' ಅಥವಾ 'ಕ್ಲೈಂಟ್ ಐಸೊಲೇಷನ್' ಆನ್ ಆಗಿದ್ದರೂ ಇದೇ ಪರಿಣಾಮ. ಕಚೇರಿ ಕೆಲಸಕ್ಕೆ ವಿಪಿಎನ್ ಹಾಕಿದ್ದರೆ ಅದನ್ನೂ ಒಮ್ಮೆ ನಿಲ್ಲಿಸಿ ನೋಡಿ. ಎಷ್ಟೋ ವಿಪಿಎನ್‌ಗಳು ಮನೆ ನೆಟ್‌ವರ್ಕಿನ ದಾರಿಯನ್ನೇ ಮುಚ್ಚುತ್ತವೆ.

ಬಾಗಿಲು ತೆರೆದಿದೆಯಾ?

ಪಿಂಗ್ ಸೋತರೂ ಫೈಲ್ ಹಂಚಿಕೆ ನಡೆಯಬಹುದು, ಪಿಂಗ್ ಗೆದ್ದರೂ ನಡೆಯದೇ ಇರಬಹುದು. ಇದಕ್ಕೆ ನೇರ ಪರೀಕ್ಷೆ ಬೇರೆ ಇದೆ. ಕೇಳುವ ಕಂಪ್ಯೂಟರಿನಲ್ಲಿ ಪವರ್‌ಶೆಲ್ ತೆರೆದು 'ಟೆಸ್ಟ್-ನೆಟ್‌ಕನೆಕ್ಷನ್ 192.168.1.20 -ಪೋರ್ಟ್ 445' ಕೊಡಿ. ಕೊನೆಯ ಸಾಲಿನಲ್ಲಿ 'ಟ್ರೂ' ಬಂದರೆ ಬಾಗಿಲು ತೆರೆದಿದೆ. 'ಫಾಲ್ಸ್' ಬಂದರೆ ಮುಚ್ಚಿದೆ. ಇಷ್ಟು ಸ್ಪಷ್ಟವಾದ ಪರೀಕ್ಷೆ ಈ ವಿಷಯದಲ್ಲಿ ಇನ್ನೊಂದಿಲ್ಲ, ದಯವಿಟ್ಟು ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಮುಚ್ಚಿದ್ದರೆ ಮೊದಲು ನೋಡಬೇಕಾದ್ದು ಕೊಡುವ ಕಂಪ್ಯೂಟರಿನ ನೆಟ್‌ವರ್ಕ್ ಪ್ರೊಫೈಲ್. ವಿಂಡೋಸ್ ಪ್ರತಿ ನೆಟ್‌ವರ್ಕನ್ನೂ 'ಪಬ್ಲಿಕ್' ಅಥವಾ 'ಪ್ರೈವೇಟ್' ಅಂತ ಗುರುತಿಸುತ್ತದೆ. ಪಬ್ಲಿಕ್ ಅಂದರೆ ಅಪರಿಚಿತರ ನಡುವೆ ಇದ್ದೇನೆ ಅಂದುಕೊಂಡು ಹಂಚಿಕೆಯ ಬಾಗಿಲು ಹಾಕಿಕೊಳ್ಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಭಾಗಕ್ಕೆ ಹೋಗಿ, ನೀವು ಸೇರಿರುವ ವೈ-ಫೈ ಅಥವಾ ಈಥರ್‌ನೆಟ್‌ನ ಪ್ರಾಪರ್ಟೀಸ್ ತೆರೆದು ಪ್ರೈವೇಟ್ ಆರಿಸಿ. 'ನಿನ್ನೆವರೆಗೂ ಸರಿ ಇತ್ತು, ಇವತ್ತು ಸುಮ್ನೆ ನಿಂತುಹೋಯ್ತು' ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ರೂಟರ್ ಬದಲಾಯಿಸಿದರೆ, ವೈ-ಫೈ ಹೆಸರು ಬದಲಾಯಿಸಿದರೆ ವಿಂಡೋಸ್‌ಗೆ ಅದು ಹೊಸ ನೆಟ್‌ವರ್ಕ್. ಹೊಸದನ್ನು ಅದು ಮತ್ತೆ ಪಬ್ಲಿಕ್ ಅಂತಲೇ ಇಟ್ಟುಕೊಳ್ಳುತ್ತದೆ.

ಆಮೇಲೆ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್' ತೆರೆದು, ಪ್ರೈವೇಟ್ ಭಾಗದಲ್ಲಿ 'ನೆಟ್‌ವರ್ಕ್ ಡಿಸ್ಕವರಿ' ಮತ್ತು 'ಫೈಲ್ ಆಂಡ್ ಪ್ರಿಂಟರ್ ಶೇರಿಂಗ್' ಎರಡನ್ನೂ ಆನ್ ಮಾಡಿ. ಪಬ್ಲಿಕ್ ಭಾಗದಲ್ಲಿ ಇವನ್ನು ಆನ್ ಮಾಡಬೇಡಿ. ಅದೇ ಲ್ಯಾಪ್‌ಟಾಪ್ ನಾಳೆ ಹೊರಗಡೆಯ ವೈ-ಫೈಗೆ ಸೇರುತ್ತದೆ ಅಲ್ವಾ, ಅಲ್ಲಿ ನಿಮ್ಮ ಫೋಲ್ಡರ್ ಎಲ್ಲರ ಎದುರು ಇರುತ್ತದೆ.

ಇಷ್ಟಾದರೂ 445 ಫಾಲ್ಸ್ ಬಂದರೆ, ಬೇರೆ ಕಂಪನಿಯ ಆಂಟಿವೈರಸ್ ಹಾಕಿದ್ದೀರಾ ನೋಡಿ. ಅಂಥವುಗಳಲ್ಲಿ ಅವುಗಳದೇ ಫೈರ್‌ವಾಲ್ ಇರಬಹುದು, ಅದು ವಿಂಡೋಸ್‌ನ ಮಾತು ಕೇಳುವುದಿಲ್ಲ. ಅಲ್ಲೂ ಮನೆ ನೆಟ್‌ವರ್ಕನ್ನು ನಂಬಿಕೆಯದ್ದು ಅಂತ ಗುರುತು ಮಾಡಬೇಕು. ಪರೀಕ್ಷೆಗೆ ಅಂತ ಫೈರ್‌ವಾಲನ್ನು ಒಂದು ನಿಮಿಷ ಆಫ್ ಮಾಡಿದರೂ, 445 ಪರೀಕ್ಷೆ ಮುಗಿದ ತಕ್ಷಣ ಆನ್ ಮಾಡಿ. ಅಷ್ಟರಲ್ಲಿ ಉತ್ತರ ಸಿಕ್ಕಿರುತ್ತದೆ.

ನೀವು ಯಾರು ಅಂತ ಅದು ಒಪ್ಪುತ್ತಿಲ್ಲ

ಒಂದು ಸಂಜೆ ಅಕ್ಕ ಅವಳ ಲ್ಯಾಪ್‌ಟಾಪ್ ತಂದು, ನನ್ನ ಡೆಸ್ಕ್‌ಟಾಪ್‌ನಲ್ಲಿದ್ದ ಅಪ್ಪನ ಹಳೆಯ ಫೋಟೋಗಳು ಬೇಕು ಅಂದಳು. ಶೇರ್ ಮಾಡಿದೆ. ಅವಳ ಪರದೆಯಲ್ಲಿ ಹೆಸರು, ಪಾಸ್‌ವರ್ಡ್ ಕೇಳುವ ಪೆಟ್ಟಿಗೆ ಬಂತು. ನನ್ನ ಡೆಸ್ಕ್‌ಟಾಪ್‌ನ ಪಿನ್ ಅವಳಿಗೆ ಗೊತ್ತು, ಅದನ್ನೇ ಹಾಕಿದಳು. "ಪಿನ್ ಸರಿಯಾಗೇ ಹಾಕ್ತಿದೀನಿ ಕಣೋ, ತಗೊಳ್ತಾ ಇಲ್ಲ." ಪಿನ್ ಅಲ್ಲ, ಪಾಸ್‌ವರ್ಡ್ ಬೇಕು ಅಂತ ನಾನೇ ಹೋಗಿ ನನ್ನ ಆನ್‌ಲೈನ್ ಖಾತೆಯ ಪಾಸ್‌ವರ್ಡ್ ಹಾಕಿದೆ. ಅದನ್ನೂ ತೆಗೆದುಕೊಳ್ಳಲಿಲ್ಲ. ಪಾಸ್‌ವರ್ಡ್ ಸರಿಯಾಗೇ ಇತ್ತು. ಅದೇ ಪಾಸ್‌ವರ್ಡ್‌ನಿಂದ ಬ್ರೌಸರ್‌ನಲ್ಲಿ ಖಾತೆ ತೆರೆಯಿತು. ಫೋಲ್ಡರ್ ಮಾತ್ರ ತೆರೆಯಲಿಲ್ಲ.

ಈ ಒಂದು ಪೆಟ್ಟಿಗೆಯ ಹಿಂದೆ ನಾಲ್ಕೈದು ಬೇರೆ ಬೇರೆ ಕಾರಣಗಳಿವೆ. ನಿಧಾನವಾಗಿ ನೋಡೋಣ.

ಮೊದಲನೆಯದು, ಅದು ಕೇಳುತ್ತಿರುವುದು ಕೊಡುವ ಕಂಪ್ಯೂಟರಿನ ಖಾತೆಯನ್ನು. ಕುಳಿತಿರುವ ಲ್ಯಾಪ್‌ಟಾಪಿನ ಖಾತೆಯನ್ನಲ್ಲ. ಇಲ್ಲೇ ಅರ್ಧ ಜನ ಎಡವುತ್ತಾರೆ.

ಎರಡನೆಯದು, ಪಿನ್ ನೆಟ್‌ವರ್ಕ್‌ನಲ್ಲಿ ನಡೆಯುವುದಿಲ್ಲ. ವಿಂಡೋಸ್ ಹೆಲೋ ಪಿನ್ ಆಗಲಿ, ಬೆರಳಚ್ಚಾಗಲಿ, ಮುಖ ಗುರುತಾಗಲಿ, ಆ ಯಂತ್ರದ ಎದುರು ಕೂತವರಿಗೆ ಮಾತ್ರ. ಬೇರೆ ಕಂಪ್ಯೂಟರಿನಿಂದ ಬರುವವರಿಗೆ ಪೂರ್ತಿ ಪಾಸ್‌ವರ್ಡೇ ಬೇಕು.

ಮೂರನೆಯದು ನನಗೆ ಎದುರಾದದ್ದು. ಕಂಪ್ಯೂಟರ್ ಹೊಸದಾಗಿ ಸಿದ್ಧಪಡಿಸುವಾಗ ಆನ್‌ಲೈನ್ ಖಾತೆಗೆ ಫೋನಿನಲ್ಲಿ ಒಪ್ಪಿಗೆ ಕೊಟ್ಟು, ಪಿನ್ ಇಟ್ಟು ಮುಗಿಸಿದ್ದೆ. ಆ ಯಂತ್ರದಲ್ಲಿ ಪಾಸ್‌ವರ್ಡನ್ನು ಒಂದು ಸಲವೂ ಟೈಪ್ ಮಾಡಿರಲಿಲ್ಲ. ಹಾಗಾಗಿ ಹೋಲಿಸಿ ನೋಡಲು ಅದರ ಬಳಿ ಪಾಸ್‌ವರ್ಡೇ ಇರಲಿಲ್ಲ. ಇದಕ್ಕೆ ಒಂದು ದಾರಿ, ಲಾಗಿನ್ ಪರದೆಯಲ್ಲಿ ಪಿನ್ ಬದಲು ಪಾಸ್‌ವರ್ಡ್ ಆರಿಸಿ ಒಮ್ಮೆ ಒಳಗೆ ಹೋಗುವುದು. ಆ ಆಯ್ಕೆ ಕಾಣದಿದ್ದರೆ ಸೆಟ್ಟಿಂಗ್ಸ್‌ನ ಸೈನ್-ಇನ್ ಆಪ್ಷನ್ಸ್‌ನಲ್ಲಿ 'ಹೆಲೋ ಮಾತ್ರ' ಎಂಬರ್ಥದ ಸ್ವಿಚ್ ಆನ್ ಆಗಿರುತ್ತದೆ, ಅದನ್ನು ಆಫ್ ಮಾಡಿ.

ನಾಲ್ಕನೆಯದು, ಪಾಸ್‌ವರ್ಡೇ ಇಲ್ಲದ ಖಾತೆ. ಮನೆ ಕಂಪ್ಯೂಟರ್ ತಾನೆ ಅಂತ ಖಾಲಿ ಬಿಟ್ಟಿರುತ್ತೇವೆ. ಪಾಸ್‌ವರ್ಡ್ ಖಾಲಿ ಇರುವ ಖಾತೆಯಿಂದ ನೆಟ್‌ವರ್ಕ್ ಮೂಲಕ ಬರುವುದನ್ನು ವಿಂಡೋಸ್ ಮೊದಲಿನಿಂದಲೇ ತಡೆದಿಟ್ಟಿರುತ್ತದೆ. ಆ ತಡೆಯನ್ನು ತೆಗೆಯಬೇಡಿ, ಪಾಸ್‌ವರ್ಡ್ ಇಡಿ.

ಇಷ್ಟನ್ನೂ ಒಂದೇ ಏಟಿಗೆ ಬಗೆಹರಿಸುವ ದಾರಿ ಇದೆ, ನಾನು ಎಲ್ಲರಿಗೂ ಹೇಳುವುದು ಅದನ್ನೇ. ಕೊಡುವ ಕಂಪ್ಯೂಟರಿನಲ್ಲಿ ಹಂಚಿಕೆಗೆ ಅಂತಲೇ ಒಂದು ಲೋಕಲ್ ಖಾತೆ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ಸ್, ಅಲ್ಲಿ ಅದರ್ ಯೂಸರ್ಸ್. ಹೊಸಬರನ್ನು ಸೇರಿಸುವಾಗ ಇಮೇಲ್ ಕೇಳಿದರೆ, 'ಇವರ ಸೈನ್-ಇನ್ ಮಾಹಿತಿ ನನ್ನ ಬಳಿ ಇಲ್ಲ' ಎಂಬರ್ಥದ ಸಾಲು ಒತ್ತಿ. ಮುಂದಿನ ಪರದೆಯಲ್ಲಿ ಮೈಕ್ರೋಸಾಫ್ಟ್ ಖಾತೆ ಇಲ್ಲದ ಬಳಕೆದಾರರನ್ನು ಸೇರಿಸುವ ಆಯ್ಕೆ ಇದೆ. ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ, ಜಾಗ ಬಿಡದೆ ಇಡಿ. 'ಮನೆ' ಅಂತಲೇ ಇಡಬಹುದು. ಗಟ್ಟಿ ಪಾಸ್‌ವರ್ಡ್ ಹಾಕಿ. ಅದಕ್ಕೆ ಅಡ್ಮಿನ್ ಹಕ್ಕು ಬೇಡ. ಈಗ ಶೇರ್ ಮಾಡಿದ ಫೋಲ್ಡರ್‌ಗೆ ಈ ಖಾತೆಯನ್ನು ಸೇರಿಸಿ.

ಕೇಳುವ ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಬರೀ ಹೆಸರು ಹಾಕಬೇಡಿ. ಕೊಡುವ ಕಂಪ್ಯೂಟರಿನ ಹೆಸರು, ಆಮೇಲೆ ಹಿಂದಕ್ಕೆ ಬಾಗಿದ ಗೆರೆ, ಆಮೇಲೆ ಖಾತೆಯ ಹೆಸರು: ಡೆಸ್ಕ್‌ಟಾಪ್\ಮನೆ ಅನ್ನುವ ಹಾಗೆ. ಇದರಿಂದ ಯಾವ ಯಂತ್ರದ ಖಾತೆ ಎಂಬ ಗೊಂದಲ ಉಳಿಯುವುದಿಲ್ಲ. 'ನೆನಪಿಟ್ಟುಕೋ' ಎಂಬುದಕ್ಕೆ ಟಿಕ್ ಹಾಕಿ. ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ಹೀಗೆ ಮಾಡಿದ ಮೇಲೆ ಫೋಟೋಗಳು ತಕ್ಷಣ ತೆರೆದವು. ನನ್ನ ಸ್ವಂತ ಖಾತೆಯ ಪಾಸ್‌ವರ್ಡ್ ಅವಳ ಲ್ಯಾಪ್‌ಟಾಪ್‌ನಲ್ಲಿ ಉಳಿಯಲೂ ಇಲ್ಲ.

ಐದನೆಯದು, ಹಳೆಯ ಪಾಸ್‌ವರ್ಡ್ ನೆನಪು. ಯಾವತ್ತೋ ಉಳಿಸಿದ ಪಾಸ್‌ವರ್ಡನ್ನು ವಿಂಡೋಸ್ ಕೇಳದೆಯೇ ಕೊಟ್ಟು ಸೋಲುತ್ತಿರುತ್ತದೆ. ಕಂಟ್ರೋಲ್ ಪ್ಯಾನೆಲ್‌ನ 'ಕ್ರೆಡೆನ್ಷಿಯಲ್ ಮ್ಯಾನೇಜರ್'ನಲ್ಲಿ ವಿಂಡೋಸ್ ಕ್ರೆಡೆನ್ಷಿಯಲ್ಸ್ ತೆರೆದು, ಆ ಕಂಪ್ಯೂಟರಿನ ಹೆಸರು ಅಥವಾ ಐಪಿ ಇರುವ ಸಾಲು ಅಳಿಸಿ. 1219 ಎರರ್ ಬಂದಿದ್ದರೆ 'ನೆಟ್ ಯೂಸ್ * /ಡಿಲೀಟ್' ಕೊಟ್ಟು ಹಳೆಯ ಸಂಪರ್ಕಗಳನ್ನೆಲ್ಲ ಕಡಿಯಿರಿ. ಒಂದೇ ಕಂಪ್ಯೂಟರಿಗೆ ಒಂದೇ ಹೊತ್ತಲ್ಲಿ ಎರಡು ಹೆಸರಿನಲ್ಲಿ ಹೋಗಲು ವಿಂಡೋಸ್ ಬಿಡುವುದಿಲ್ಲ, ಅದಕ್ಕೇ ಈ ಎರರ್.

ಪಾಸ್‌ವರ್ಡ್ ಜಂಜಾಟವೇ ಬೇಡ ಅಂತ 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್' ಆಫ್ ಮಾಡುವ ಸಲಹೆ ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ವೈ-ಫೈಗೆ ಸೇರಿದ ಯಾವ ಯಂತ್ರವಾದರೂ ಆ ಫೈಲ್ ನೋಡಬಹುದು ಅನ್ನುವುದು ಒಂದು ಕಾರಣ. ಇನ್ನೊಂದು, ಅದು ಈಗ ಸರಿಯಾಗಿ ನಡೆಯುವುದೂ ಇಲ್ಲ. ಹೆಸರಿಲ್ಲದೆ ಅತಿಥಿಯಾಗಿ ಒಳಗೆ ಹೋಗುವುದನ್ನು ಹೊಸ ವಿಂಡೋಸ್‌ಗಳು ನಿಲ್ಲಿಸುತ್ತಿವೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಪ್ರೊ ಬಳಸುವವರಿಗೂ ಇದು ಬಂತು. 'ನಿಮ್ಮ ಸಂಸ್ಥೆಯ ಭದ್ರತಾ ನೀತಿ ಅತಿಥಿ ಪ್ರವೇಶವನ್ನು ತಡೆಯುತ್ತಿದೆ' ಎಂಬರ್ಥದ ಸಂದೇಶ ಕಂಡರೆ ಗಾಬರಿ ಬೇಡ. ನಿಮ್ಮ ಕಂಪ್ಯೂಟರ್ ಯಾವ ಸಂಸ್ಥೆಯ ಹಿಡಿತದಲ್ಲೂ ಇಲ್ಲ. ಕೊಡುವ ಕಡೆ ಪಾಸ್‌ವರ್ಡ್ ಇರುವ ಖಾತೆ ಬೇಕು ಅನ್ನುವುದಷ್ಟೇ ಅದರ ಅರ್ಥ.

ಒಳಗೆ ಬಿಟ್ಟಿತು, ಫೈಲ್ ಮುಟ್ಟಲು ಬಿಡುತ್ತಿಲ್ಲ

ಫೋಲ್ಡರ್ ತೆರೆಯುತ್ತದೆ, ಆದರೆ ಹೊಸ ಫೈಲ್ ಉಳಿಸಲು ಆಗುವುದಿಲ್ಲ. ವಿಂಡೋಸ್‌ನಲ್ಲಿ ಎರಡು ಕಡೆ ಅನುಮತಿ ಇದೆ ಅನ್ನುವುದು ಗೊತ್ತಿದ್ದರೆ ಇದು ಬೇಗ ಬಗೆಹರಿಯುತ್ತದೆ. ಪ್ರಾಪರ್ಟೀಸ್‌ನ 'ಶೇರಿಂಗ್' ಟ್ಯಾಬಿನಲ್ಲಿ ಒಂದು, 'ಸೆಕ್ಯುರಿಟಿ' ಟ್ಯಾಬಿನಲ್ಲಿ ಇನ್ನೊಂದು. ನೆಟ್‌ವರ್ಕ್‌ನಿಂದ ಬಂದವರು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. 'ಅಡ್ವಾನ್ಸ್ಡ್ ಶೇರಿಂಗ್' ಮೂಲಕ ಶೇರ್ ಮಾಡಿದರೆ ಮೊದಲಿಗೆ ಸಿಗುವುದು ಓದುವ ಅನುಮತಿ ಮಾತ್ರ. ಸೆಕ್ಯುರಿಟಿಯಲ್ಲಿ ಎಷ್ಟೇ ಕೊಟ್ಟರೂ ಇಲ್ಲಿ ತಡೆಯುತ್ತದೆ. ನೀವು ಮಾಡಿದ ಖಾತೆಗೆ ಶೇರಿಂಗ್ ಕಡೆ 'ಚೇಂಜ್', ಸೆಕ್ಯುರಿಟಿ ಕಡೆ 'ಮಾಡಿಫೈ' ಕೊಡಿ. ಫುಲ್ ಕಂಟ್ರೋಲ್ ಬೇಕಾಗಿಲ್ಲ.

ಇನ್ನೊಂದು ವಿಚಿತ್ರ ಇದೆ. ಫೋಲ್ಡರಿನ ಎಲ್ಲ ಫೈಲ್ ತೆರೆಯುತ್ತವೆ, ಒಂದೆರಡು ಮಾತ್ರ ಇಲ್ಲ. ಅವು ಅಲ್ಲಿಗೆ ಬಂದದ್ದು ಹೇಗೆ ಅಂತ ನೆನಪಿಸಿಕೊಳ್ಳಿ. ಅದೇ ಡ್ರೈವ್‌ನ ಬೇರೆ ಫೋಲ್ಡರಿನಿಂದ ಕಟ್ ಮಾಡಿ ತಂದು ಹಾಕಿದರೆ ಫೈಲ್ ತನ್ನ ಹಳೆಯ ಅನುಮತಿಯನ್ನೇ ಹೊತ್ತು ಬರುತ್ತದೆ. ಕಾಪಿ ಮಾಡಿ ಹಾಕಿದರೆ ಹೊಸ ಫೋಲ್ಡರಿನ ಅನುಮತಿ ಪಡೆಯುತ್ತದೆ. ಹಾಗಾಗಿ ಆ ಫೈಲನ್ನು ಅಲ್ಲೇ ಕಾಪಿ ಮಾಡಿ, ಕಾಪಿ ತೆರೆಯುತ್ತದಾ ನೋಡಿ ಹಳೆಯದನ್ನು ಅಳಿಸಿ.

ಪಟ್ಟಿಯಲ್ಲಿ ಹೆಸರು ಬೇಕೇ ಬೇಕು ಅಂದರೆ

ಕೊಡುವ ಕಂಪ್ಯೂಟರಿನಲ್ಲಿ 'ಸರ್ವಿಸಸ್' ತೆರೆದು 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್' ಎಂಬುದನ್ನು ಹುಡುಕಿ. ಅದು ನಿಂತಿದ್ದರೆ ಶುರು ಮಾಡಿ, ಸ್ಟಾರ್ಟ್‌ಅಪ್ ಟೈಪ್ ಆಟೊಮ್ಯಾಟಿಕ್ ಮಾಡಿ. 'ನಾನಿಲ್ಲಿದ್ದೇನೆ' ಅಂತ ಕೂಗುವುದು ಇದೇ. ನನ್ನ ಪ್ರಕಾರ ಪಟ್ಟಿಗಾಗಿ ಇದಕ್ಕಿಂತ ಹೆಚ್ಚು ಹೊತ್ತು ಕಳೆಯಬೇಕಿಲ್ಲ. ಶೇರ್ ಆದ ಫೋಲ್ಡರನ್ನು ಒಂದು ಡ್ರೈವ್ ಅಕ್ಷರಕ್ಕೆ ಮ್ಯಾಪ್ ಮಾಡಿಟ್ಟುಕೊಂಡರೆ ಪಟ್ಟಿ ನೋಡುವ ಅಗತ್ಯವೇ ಬರುವುದಿಲ್ಲ. ಐಪಿ ವಿಳಾಸದಿಂದ ಮ್ಯಾಪ್ ಮಾಡುವುದಾದರೆ, ರೂಟರಿನಲ್ಲಿ ಆ ಕಂಪ್ಯೂಟರಿಗೆ ವಿಳಾಸ ಕಾದಿರಿಸಿ. ಇಲ್ಲದಿದ್ದರೆ ವಿಳಾಸ ಬದಲಾದ ದಿನ ಮತ್ತೆ ಎರರ್ 53 ಬರುತ್ತದೆ.

ಹಳೆಯ ಬರಹಗಳಲ್ಲಿ 'ಹೋಮ್‌ಗ್ರೂಪ್' ಮಾಡಿ ಅಂತಿದ್ದರೆ ಬಿಟ್ಟುಬಿಡಿ. 2018ರ ವಿಂಡೋಸ್ 10 ಆವೃತ್ತಿ 1803ರಲ್ಲೇ ಅದನ್ನು ತೆಗೆದುಹಾಕಿದ್ದಾರೆ.

ಹಳೆಯ ಸಾಧನ, ಮ್ಯಾಕ್, ಲಿನಕ್ಸ್

ಹಳೆಯ ನಾಸ್ ಪೆಟ್ಟಿಗೆ (ನೆಟ್‌ವರ್ಕ್‌ಗೆ ನೇರವಾಗಿ ಸಿಕ್ಕಿಸುವ ಡಿಸ್ಕ್) ಅಥವಾ ರೂಟರಿಗೆ ಸಿಕ್ಕಿಸಿದ ಪೆನ್‌ಡ್ರೈವ್ ತೆರೆಯುತ್ತಿಲ್ಲ, ಅದು 'ಎಸ್‌ಎಂಬಿ1' ಕೇಳುತ್ತಿದೆ ಅಂತ ವಿಂಡೋಸ್ ಹೇಳುತ್ತಿದೆ. ಎಸ್‌ಎಂಬಿ1 ಈ ಪ್ರೋಟೋಕಾಲಿನ ಹಳೆಯ ರೂಪ. 2017ರ ಮೇ ತಿಂಗಳಲ್ಲಿ ಜಗತ್ತಿನ ಎಷ್ಟೋ ಕಂಪ್ಯೂಟರ್‌ಗಳ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳಿದ ವಾನಾಕ್ರೈ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ1ರಲ್ಲಿದ್ದ ದೋಷದಿಂದ. ಅದೇ ವರ್ಷ ಬಂದ ವಿಂಡೋಸ್ 10 ಆವೃತ್ತಿ 1709ರಿಂದ ಹೊಸದಾಗಿ ಹಾಕಿದ ವಿಂಡೋಸ್‌ಗಳಲ್ಲಿ ಅದನ್ನು ಕೈಬಿಡುತ್ತಾ ಬಂದರು. 'ವಿಂಡೋಸ್ ಫೀಚರ್ಸ್'ನಲ್ಲಿ ಅದನ್ನು ಮತ್ತೆ ಆನ್ ಮಾಡಲು ಬರುತ್ತದೆ. ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಮೊದಲು ಆ ಸಾಧನದ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ, ಅದರ ಸೆಟ್ಟಿಂಗ್‌ನಲ್ಲಿ ಎಸ್‌ಎಂಬಿ2 ಅಥವಾ 3 ಇದೆಯಾ ನೋಡಿ. ಇಲ್ಲವೇ ಇಲ್ಲ ಅಂದರೆ ಡಿಸ್ಕ್ ತೆಗೆದು ಕಂಪ್ಯೂಟರಿಗೇ ಸಿಕ್ಕಿಸಿ ಶೇರ್ ಮಾಡಿ.

ಮ್ಯಾಕ್ ಕೊಡುವ ಕಂಪ್ಯೂಟರ್ ಆಗಿದ್ದರೆ, ಫೈಲ್ ಶೇರಿಂಗ್ ಆನ್ ಮಾಡಿದರೆ ಸಾಲದು. ಅದರ ಆಪ್ಷನ್ಸ್ ಒಳಗೆ 'ವಿಂಡೋಸ್ ಫೈಲ್ ಶೇರಿಂಗ್' ಕೆಳಗೆ ಖಾತೆಗೆ ಟಿಕ್ ಹಾಕಿ, ಆ ಖಾತೆಯ ಪಾಸ್‌ವರ್ಡ್ ಮತ್ತೊಮ್ಮೆ ಕೊಡಬೇಕು. ಈ ಟಿಕ್ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ, ತಪ್ಪಿಹೋಗುತ್ತದೆ. ಮ್ಯಾಕ್ ಕೇಳುವ ಕಂಪ್ಯೂಟರ್ ಆಗಿದ್ದರೆ ಫೈಂಡರ್‌ನಲ್ಲಿ ಕಮಾಂಡ್ ಮತ್ತು ಕೆ ಕೀಲಿ ಒತ್ತಿ, 'ಎಸ್‌ಎಂಬಿ://192.168.1.20' ಬರೆಯಿರಿ.

ಲಿನಕ್ಸ್‌ನಲ್ಲಿ ಹಂಚಿಕೆ ನಡೆಸುವುದು ಸಾಂಬಾ ಎಂಬ ಪ್ರೋಗ್ರಾಮ್. ಇಲ್ಲಿ ಪಾಸ್‌ವರ್ಡ್ ಸರಿ ಇದ್ದೂ ಸೋಲಲು ಮುಖ್ಯ ಕಾರಣ, ಸಾಂಬಾ ತನ್ನದೇ ಪಾಸ್‌ವರ್ಡ್ ಪಟ್ಟಿ ಇಟ್ಟುಕೊಳ್ಳುತ್ತದೆ. ಲಾಗಿನ್ ಪಾಸ್‌ವರ್ಡ್ ಅದಕ್ಕೆ ಗೊತ್ತಿಲ್ಲ. 'ಸುಡೊ ಎಸ್‌ಎಂಬಿಪಾಸ್‌ವರ್ಡ್ -ಎ' ಆದಮೇಲೆ ಬಳಕೆದಾರರ ಹೆಸರು ಕೊಟ್ಟು ಅಲ್ಲೂ ಸೇರಿಸಬೇಕು. ಟೈಪ್ ಮಾಡುವಾಗ ಪಾಸ್‌ವರ್ಡ್ ಎಂಬ ಪದವನ್ನು ಪೂರ್ತಿ ಬರೆಯದೆ ಪಿ, ಎ, ಎಸ್, ಎಸ್, ಡಬ್ಲ್ಯು, ಡಿ ಇಷ್ಟೇ ಹಾಕಿ. ಕಾನ್ಫಿಗ್ ಫೈಲ್‌ನಲ್ಲಿ ತಪ್ಪಿದೆಯಾ ಅಂತ 'ಟೆಸ್ಟ್‌ಪಾರ್ಮ್' ಹೇಳುತ್ತದೆ. ಉಬುಂಟು 21.04ರಿಂದ ಹೊಸ ಬಳಕೆದಾರರ ಹೋಮ್ ಫೋಲ್ಡರ್ ಬೇರೆಯವರಿಗೆ ಮುಚ್ಚಿರುತ್ತದೆ. ಅದರೊಳಗಿನ ಫೋಲ್ಡರನ್ನು ಬೇರೆ ಖಾತೆಗೆ ಶೇರ್ ಮಾಡಿದರೆ ಹೊರಗಿನ ಬಾಗಿಲಲ್ಲೇ ತಡೆಯುತ್ತದೆ. ಹಂಚಿಕೆಯ ಫೋಲ್ಡರನ್ನು ಹೋಮ್‌ನ ಹೊರಗೆ ಮಾಡಿಕೊಂಡರೆ ಒಳ್ಳೆಯದು.

ನಡುನಡುವೆ ಮಾಯ, ಇಲ್ಲವೇ ನಿಧಾನ

ಬೆಳಗ್ಗೆ ತೆರೆಯುತ್ತದೆ, ಸ್ವಲ್ಪ ಹೊತ್ತಾದ ಮೇಲೆ ಇಲ್ಲ. ಕೊಡುವ ಕಂಪ್ಯೂಟರಿನ ಮೌಸ್ ಅಲ್ಲಾಡಿಸಿದರೆ ಮತ್ತೆ ಬರುತ್ತದೆ. ಅದು ಸ್ಲೀಪ್‌ಗೆ ಹೋಗುತ್ತಿದೆ ಅಷ್ಟೇ. ಪವರ್ ಸೆಟ್ಟಿಂಗ್ಸ್‌ನಲ್ಲಿ ಪರದೆ ಆರಿದರೆ ಆರಲಿ, ಸ್ಲೀಪ್ ಮಾತ್ರ 'ನೆವರ್' ಮಾಡಿ.

ನಿಧಾನವಾದರೆ ಕಾಪಿ ಆಗುವಾಗ ಬರುವ ವೇಗ ನೋಡಿ. ಎರಡೂ ಕಡೆ ಕೇಬಲ್ ಹಾಕಿದ್ದೂ ದೊಡ್ಡ ಫೈಲ್ ಸೆಕೆಂಡಿಗೆ 11 ಎಂಬಿ ಹತ್ತಿರ ನಿಂತು ಮೇಲೇಳದಿದ್ದರೆ ಆ ಅಂಕಿಯೇ ಕಾರಣ ಹೇಳುತ್ತಿದೆ. 100 ಎಂಬಿಪಿಎಸ್ ಸಂಪರ್ಕಕ್ಕೆ ಸಿಗುವುದು ಅಷ್ಟೇ (ಎಂಬಿಪಿಎಸ್ ಲೆಕ್ಕ ಬಿಟ್‌ಗಳದ್ದು, ಫೈಲಿನ ಎಂಬಿ ಲೆಕ್ಕ ಬೈಟ್‌ಗಳದ್ದು, ಒಂದು ಬೈಟ್‌ಗೆ ಎಂಟು ಬಿಟ್). ಗಿಗಾಬಿಟ್‌ನಲ್ಲಿ ಇದು 110ರ ಸುತ್ತ ಇರಬೇಕು. ಎರಡೂ ಕಂಪ್ಯೂಟರ್, ರೂಟರ್ ಗಿಗಾಬಿಟ್ ಆಗಿದ್ದೂ ಹೀಗಾದರೆ ಕೇಬಲ್ ಮೇಲೆ ಅನುಮಾನ ಪಡಿ. 100 ಎಂಬಿಪಿಎಸ್‌ಗೆ ಕೇಬಲಿನ ಎಂಟು ತಂತಿಗಳಲ್ಲಿ ನಾಲ್ಕು ಸಾಕು, ಗಿಗಾಬಿಟ್‌ಗೆ ಎಂಟೂ ಬೇಕು. ಉಳಿದ ನಾಲ್ಕರಲ್ಲಿ ಒಂದು ತಂತಿ ಒಳಗೆ ಮುರಿದರೂ ಸಾಮಾನ್ಯವಾಗಿ ಸಂಪರ್ಕ ಕಡಿಯುವುದಿಲ್ಲ, ಸುಮ್ನೆ 100ಕ್ಕೆ ಇಳಿದು ನಡೆಯುತ್ತಿರುತ್ತದೆ. ನಮ್ಮಲ್ಲಿ ಮೇಜಿನ ಕಾಲಿನಡಿ ಸಿಕ್ಕಿ ಚಪ್ಪಟೆಯಾಗಿದ್ದ ಒಂದು ಕೇಬಲ್ ಎಷ್ಟೋ ತಿಂಗಳು ಹೀಗೇ ನಡೆದಿತ್ತು. ಇಂಟರ್ನೆಟ್ ಬರುತ್ತಿತ್ತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅಪ್ಪನ ಫೋಟೋಗಳ ದೊಡ್ಡ ಫೋಲ್ಡರನ್ನು ಇನ್ನೊಂದು ಕಂಪ್ಯೂಟರಿಗೆ ಕಳಿಸುವಾಗ ವೇಗ 11ರಲ್ಲೇ ನಿಂತದ್ದು ಕಂಡು ಕೇಬಲ್ ಬದಲಾಯಿಸಿದೆ. ಉಳಿದ ಫೋಟೋಗಳು 110ರಲ್ಲಿ ಹೋದವು.